ಲಕ್ಷ ಕಾರಿನ ಲೆಕ್ಕ ಬೇರೆ, ಸಾವಿರ ಕಾರಿನ ಲೆಕ್ಕ ಬೇರೆ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಲೇಖನ ಓದಿದೆ. ವರ್ಷಕ್ಕೆ ಐವತ್ತು ಸಾವಿರ ಕಾರು ಮಾರಲು ಆಗದವನು ಕಾರು ತಯಾರಿಕೆಗೆ ಕೈ ಹಾಕಲೇಬಾರದು, ಮಧ್ಯಮ ವರ್ಗದ ಕೈಗೆಟುಕುವ ಸ್ಪೋರ್ಟ್ಸ್ ಕಾರು ಎನ್ನುವುದು ನಮ್ಮ ದೇಶದಲ್ಲಿ ಹುಡುಗಾಟ ಎಂಬುದು ಅದರ ಸಾರಾಂಶ. ಲೇಖಕರು ಲೆಕ್ಕ ಬಲ್ಲವರು, ಅನುಮಾನವಿಲ್ಲ. ಆದರೆ ಅವರು ಮಾಡಿರುವುದು ತಗಡಿನ ಲೆಕ್ಕ. ನನ್ನದು ಫೈಬರ್ (ಗಾಜಿನ ನಾರಿಗೆ ರೆಸಿನ್ ಎಂಬ ಅಂಟು ಸೇರಿಸಿ ಅಚ್ಚು ಹಾಕುವ) ಕಸುಬು, ಹಾಗಾಗಿ ಎರಡು ಮಾತು.

ಪೀಣ್ಯ ಎರಡನೇ ಹಂತದಲ್ಲಿ 29 ವರ್ಷದಿಂದ ನನ್ನದೊಂದು ಶೆಡ್ ಇದೆ. ಬಸ್ಸಿನ ಮುಂಭಾಗ, ಆಂಬುಲೆನ್ಸಿನ ಒಳಗೋಡೆ, ಪಾರ್ಕಿನ ಜಾರುಬಂಡೆ, ಒಮ್ಮೆ ಗಣೇಶೋತ್ಸವದ ಪೆಂಡಾಲಿಗೆ ಎರಡು ಸಿಂಹ, ಹೀಗೆ ಬಂದ ಕೆಲಸ ಮಾಡುತ್ತೇವೆ. ಮೊದಲು ಪ್ಯಾಟರ್ನ್ (ಮೂಲ ಮಾದರಿ) ಕಟ್ಟಿ, ಉಜ್ಜಿ, ಮೇಣ ಹಚ್ಚಿ ಅದರ ಮೇಲೆ ಅಚ್ಚು ತೆಗೆಯುತ್ತೇವೆ. ಆಮೇಲೆ ಅಚ್ಚಿಗೆ, ಹೊರಮೈಗೆ ನುಣುಪು ಕೊಡುವ ಜೆಲ್‌ಕೋಟ್ ಬಳಿದು, ಗಾಜಿನ ಮ್ಯಾಟ್ ಹಾಸಿ, ರೆಸಿನ್ ಹೊಯ್ದು, ರೋಲರ್‌ನಿಂದ ಗಾಳಿಗುಳ್ಳೆ ಒತ್ತಿ ತೆಗೆದು ಒಣಗಲು ಬಿಟ್ಟರೆ ಮರುದಿನ ಬೆಳಿಗ್ಗೆ ಪೀಸು ಕೈಗೆ ಬರುತ್ತದೆ. ಒಂದು ಅಚ್ಚಿನಿಂದ ದಿನಕ್ಕೆ ಒಂದು ಪೀಸು, ಅವಸರ ಮಾಡಿದರೆ ಎರಡು. ಅದೇ ಪ್ರೆಸ್ ಅಂಗಡಿಯಲ್ಲಿ ತಗಡಿನ ಬಾನೆಟ್ಟು ನಿಮಿಷಕ್ಕೆ ಹಲವು ಬೀಳುತ್ತವೆ. ಆದರೆ ಆ ಒಂದು ಬಾನೆಟ್ಟಿಗೆ ಒತ್ತಲು ಒಂದು ಡೈ (ಉಕ್ಕಿನ ಅಚ್ಚು), ಅಂಚು ಕತ್ತರಿಸಲು ಒಂದು, ತೂತಿಗೊಂದು, ಮಡಿಸಲು ಮತ್ತೊಂದು ಬೇಕು. ಇಡೀ ಕಾರಿನ ಮೈಗೆ ಇಂಥವು ನೂರಾರು ಆಗುತ್ತವೆ.

ಮಾತಿಗೆ, ಡೈಗಳಿಗೆಲ್ಲ ಸೇರಿ 100 ಕೋಟಿ ಆಯಿತು ಎನ್ನೋಣ. ಲಕ್ಷ ಕಾರು ಮಾರಿದರೆ ಒಂದೊಂದರ ತಲೆಗೆ 10,000 ರೂಪಾಯಿ ಬೀಳುತ್ತದೆ, ಯಾರಿಗೂ ನೋಯುವುದಿಲ್ಲ. ಸಾವಿರವೇ ಮಾರಿದರೆ ಒಂದೊಂದರ ಮೇಲೆ 10 ಲಕ್ಷ, ಅಂಗಡಿ ಮುಚ್ಚಬೇಕು. ಲೇಖಕರು ಇಲ್ಲಿಗೆ ಬಂದು ನಿಂತುಬಿಟ್ಟಿದ್ದಾರೆ. ಫೈಬರ್ ಅಚ್ಚಿನ ಸೆಟ್ಟಿಗೆ 2 ಕೋಟಿ ಹಿಡಿಯಿರಿ. ಅದೇ ಸಾವಿರ ಕಾರಿಗೆ ಹಂಚಿದರೆ ತಲೆಗೆ 20,000. ಕೂಲಿ ಹೆಚ್ಚು, ಉಜ್ಜುವ ಕೆಲಸ ಹೆಚ್ಚು, ಬಣ್ಣಕ್ಕೆ ತಯಾರು ಮಾಡುವುದು ದೊಡ್ಡ ಗೋಳು, ಎಲ್ಲ ಒಪ್ಪಿದೆ. ಲಕ್ಷ ಕಾರಿಗೆ ನನ್ನ ದಾರಿ ಮೂರ್ಖತನ. ಸಾವಿರ ಕಾರಿಗೆ ಅವರ ದಾರಿ ಮೂರ್ಖತನ.

ಇದು ನಾನು ಕಂಡುಹಿಡಿದದ್ದೇನಲ್ಲ. ಇದೇ ಬೆಂಗಳೂರಿನಲ್ಲಿ 1982ರ ಸುಮಾರಿಗೆ ಸಿಪಾನಿಯವರು ಡಾಲ್ಫಿನ್ ಎಂಬ ಪುಟ್ಟ ಕಾರು ಬಿಟ್ಟರು. ಬ್ರಿಟನ್ನಿನ ರಿಲಯಂಟ್ ಕಿಟನ್‌ನ ವಿನ್ಯಾಸ, 848 ಸಿಸಿ ಎಂಜಿನ್, ಎರಡು ಬಾಗಿಲು, ಮೈಯೆಲ್ಲ ಫೈಬರ್. ನಮ್ಮ ಬೀದಿಯ ಡಾಕ್ಟರರ ಹತ್ತಿರ ಒಂದಿತ್ತು. ಹುಡುಗರು ನಾವು ಅದನ್ನು ಬೆರಳಿನಿಂದ ಕುಟ್ಟಿ ನೋಡಿ ‘ಬಕೆಟ್ಟು’ ಎಂದು ನಗುತ್ತಿದ್ದೆವು. ಆ ಬಕೆಟ್ಟೇ ಮದರಾಸಿನ ಹತ್ತಿರ ಶೋಲಾವರಂ ರೇಸಿನಲ್ಲಿ ದೊಡ್ಡ ಕಾರುಗಳನ್ನು ಹಿಂದೆ ಹಾಕುತ್ತಿತ್ತು, ಕಾರಣ ಬೇರೇನಲ್ಲ, ಹಗುರ. 1983ರ ಕೊನೆಗೆ ಮಾರುತಿ 800 ಬಂತು. ನಾಲ್ಕು ಜನ ಕೂರುವ ಸಂಸಾರದ ಕಾರಿನಲ್ಲಿ ಮಾರುತಿಯ ಎದುರು ನಿಲ್ಲಲು ಯಾರಿಗೂ ಆಗಲಿಲ್ಲ, ಇವರಿಗೂ ಆಗಲಿಲ್ಲ. ನನಗೆ ಈಗಲೂ ಅನಿಸುವುದಿದೆ: ಆ ಕಾರನ್ನು ಮಾರಬೇಕಿದ್ದದ್ದು ಸಂಸಾರಸ್ಥರಿಗಲ್ಲ, ಶೋಲಾವರಂನಲ್ಲಿ ತಂತಿಬೇಲಿ ಹಿಡಿದು ನಿಂತಿದ್ದವರಿಗೆ.

ಆಮೇಲೆ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂತು, ಅದೂ ನಮ್ಮೂರಿನದೇ. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಹೊರಗೆ ಬಣ್ಣ ಬೆರೆಸಿಯೇ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆಗಳು. ದೊಡ್ಡ ಪ್ರೆಸ್ಸಿಲ್ಲ, ಪೇಂಟ್ ಶಾಪಿನ ಗೊಡವೆಯಿಲ್ಲ. ಹತ್ತು ವರ್ಷದಲ್ಲಿ ಹೋದದ್ದು ಕೆಲವೇ ಸಾವಿರ ಕಾರು, ಆದರೂ ಲಂಡನ್ನಿನ ಬೀದಿಯಲ್ಲಿ ಓಡಾಡಿತು. ಅದರ ಚೆಂದದ ಬಗ್ಗೆ ನಾನು ಮಾತಾಡುವುದಿಲ್ಲ. ಕಡಿಮೆ ಸಂಖ್ಯೆಗೆ ಹೊಂದುವ ಕಾರ್ಖಾನೆ ಹೇಗಿರಬೇಕು ಎನ್ನುವುದಕ್ಕೆ ಮಾತ್ರ ಅದನ್ನು ಕಟ್ಟುತ್ತಿದ್ದ ಬೊಮ್ಮಸಂದ್ರದಲ್ಲೇ ಉದಾಹರಣೆ ಇತ್ತು.

ಸ್ಪೋರ್ಟ್ಸ್ ಕಾರೇ ಬೇಕೆಂದರೆ ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನದು: ಎರಡು ಸೀಟು, ಬಟ್ಟೆಯ ಟಾಪು, ಫೈಬರ್ ಮೈ, ರೆನೋದ 1149 ಸಿಸಿ ಎಂಜಿನ್, 60 ಕುದುರೆ ಶಕ್ತಿ. ಒಬ್ಬ ಗಿರಾಕಿ ತಮ್ಮದೇ ಮನೆಯ ಗೇಟಿಗೆ ಗುದ್ದಿಸಿ, ಮೂತಿ ಸೀಳಿಸಿಕೊಂಡು ನನ್ನ ಶೆಡ್ಡಿಗೆ ತಂದಿದ್ದರು. ಒಳಗಿನಿಂದ ಮೂರು ಪದರ ಮ್ಯಾಟ್ ಹಾಕಿ, ಹೊರಗೆ ಪುಟ್ಟಿ ಹಚ್ಚಿ ಎರಡು ದಿನದಲ್ಲಿ ಕೊಟ್ಟೆ. ಆ ಎರಡು ದಿನ ಪಕ್ಕದ ಶೆಡ್ಡಿನ ಲೇತ್ ಆಪರೇಟರ್‌ಗಳೆಲ್ಲ ಊಟದ ಡಬ್ಬಿ ಹಿಡಿದುಕೊಂಡು ಅದರ ಸುತ್ತಲೇ ಕೂತಿದ್ದರು. ಅದೇ ವಾರ ಕೋಟಿ ಬೆಲೆಯ ಜರ್ಮನ್ ಕಾರೊಂದು ದಾರಿ ತಪ್ಪಿ ನಮ್ಮ ರಸ್ತೆಗೆ ಬಂದಿತ್ತು. ಒಬ್ಬನೂ ತಲೆ ಎತ್ತಲಿಲ್ಲ. ಮಾರುಕಟ್ಟೆ ಸಮೀಕ್ಷೆ ಎಂದು ಇದನ್ನು ಕರೆಯಬಾರದು, ಗೊತ್ತು.

ಹೊರದೇಶದ ಉದಾಹರಣೆಯಲ್ಲಿ ಲೇಖಕರು ಮಜ್ದಾ ಎಂಎಕ್ಸ್-5 ಒಂದನ್ನೇ ಹಿಡಿದಿದ್ದಾರೆ. 1989ರಲ್ಲಿ ಶುರುವಾಗಿ 2016ಕ್ಕೆ ಹತ್ತು ಲಕ್ಷದ ಸಂಖ್ಯೆ ಮುಟ್ಟಿದ ಎರಡು ಸೀಟಿನ ಜಪಾನಿ ಕಾರು ಅದು. ಅದು ಆನೆ. ನಾವು ನೋಡಬೇಕಾದದ್ದು ಇಂಗ್ಲೆಂಡಿನ ನಾರ್ಫಕ್‌ನಲ್ಲಿ, ಹೆಥೆಲ್ ಎಂಬ ಹಳೆಯ ಯುದ್ಧಕಾಲದ ವಿಮಾನ ನಿಲ್ದಾಣದಲ್ಲಿರುವ ಲೋಟಸ್ ಕಂಪನಿಯ ಎಲೀಸ್ ಎಂಬ ಸ್ಪೋರ್ಟ್ಸ್ ಕಾರನ್ನು. 1996ರಿಂದ 2021ರವರೆಗೆ 25 ವರ್ಷ ಮಾಡಿದರು, ಒಟ್ಟು 35 ಸಾವಿರದ ಆಸುಪಾಸು. ಸರಾಸರಿ ವರ್ಷಕ್ಕೆ 1,400. ನಮ್ಮ ದೊಡ್ಡ ಕಂಪನಿಗಳಿಗೆ ಅದು ಒಂದೆರಡು ದಿನದ ಕೆಲಸ.

ಆ ಕಾರಿನ ಅಡಿಗಟ್ಟು ಹೇಗಿದೆ ಎಂದು ಮೊದಲ ಸಲ ತಿಳಿದಾಗ ನಾನು ನಕ್ಕುಬಿಟ್ಟೆ. ಕಿಟಕಿ ಚೌಕಟ್ಟಿನ ಅಲ್ಯೂಮಿನಿಯಂ ಬರುವ ರೀತಿಯಲ್ಲೇ ಉದ್ದುದ್ದ ಎಕ್ಸ್‌ಟ್ರೂಷನ್ ಒತ್ತಿ, ಅಳತೆಗೆ ಕತ್ತರಿಸಿ, ಎಪಾಕ್ಸಿ ಅಂಟು ಹಾಕಿ ಜೋಡಿಸಿದ್ದಾರೆ! ತೂಕ 68 ಕೆ.ಜಿ. ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದರೆ ಕೋಡುಬಳೆ ಬಂದ ಹಾಗೆ, ಎಕ್ಸ್‌ಟ್ರೂಷನ್‌ಗೆ ಬೇಕಾಗುವ ಡೈ ಒಂದು ಸಣ್ಣ ಉಕ್ಕಿನ ಬಿಲ್ಲೆ ಅಷ್ಟೆ, ತಗಡು ಒತ್ತುವ ಡೈಯ ಮುಂದೆ ಅದರ ಖರ್ಚು ಏನೇನೂ ಅಲ್ಲ. ಮೈ ಫೈಬರ್. ಎಂಜಿನ್ ರೋವರ್‌ನಿಂದ ಕೊಂಡದ್ದು, 1.8 ಲೀಟರ್, 118 ಕುದುರೆ ಶಕ್ತಿ. ಇಡೀ ಕಾರು ಮೊದಮೊದಲು 725 ಕೆ.ಜಿ. ಮಾತ್ರ ಇದ್ದುದರಿಂದ ಆ ಸಾಧಾರಣ ಎಂಜಿನ್ನೇ ಸಾಕಾಯಿತು. ಅದೇ ಚಾಸಿಯ ತಿರುಳಿನ ಮೇಲೆ ಓಪೆಲ್‌ಗೆ ಸ್ಪೀಡ್‌ಸ್ಟರ್ ಮಾಡಿಕೊಟ್ಟರು. ಟೆಸ್ಲಾ ತನ್ನ ಮೊದಲ ಕಾರು ರೋಡ್‌ಸ್ಟರ್ ಮಾಡಿದ್ದೂ ಅದರ ಬಲದಿಂದಲೇ, 2,450ರಷ್ಟು. ಕಾರು ಮಾರುವುದರ ಜೊತೆಗೆ ಕಸುಬನ್ನೂ ಮಾರಿದರು. ಇದನ್ನು ವ್ಯವಹಾರವಲ್ಲ ಎನ್ನುವವರು ವ್ಯವಹಾರ ಎಂದು ಯಾವುದನ್ನು ಕರೆಯುತ್ತಾರೋ.

ಹಾಗೆಂದು ಲೋಟಸ್‌ನವರು ಹಣದ ಮೇಲೆ ಮಲಗಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಕಂಪನಿ ಎಷ್ಟೋ ಸಲ ಕೈ ಬದಲಾಗಿದೆ. ಬ್ಲ್ಯಾಕ್‌ಪೂಲ್‌ನ ಟಿವಿಆರ್ ಎಂಬ ಸಣ್ಣ ಸ್ಪೋರ್ಟ್ಸ್ ಕಾರು ಕಂಪನಿ ಸ್ವಂತ ಎಂಜಿನ್ ಮಾಡುವ ಹಟಕ್ಕೆ ಬಿತ್ತು, 2006ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಅದೊಂದೇ ಕಾರಣವಲ್ಲ, ಆದರೆ ಸಣ್ಣವನು ಎಂಜಿನ್ ಮಾಡಹೊರಡುವುದು ಹೋಟೆಲಿನವನು ಭತ್ತ ಬೆಳೆಯಲು ಹೊರಟ ಹಾಗೆ. ಇನ್ನೊಂದು ಕಡೆ ಸಾಮರ್‌ಸೆಟ್‌ನ ಏರಿಯಲ್ ಇದೆ. ಬಾಗಿಲೂ ಇಲ್ಲದ, ಚಾವಣಿಯೂ ಇಲ್ಲದ ಆಟಂ ಎಂಬ ಕಾರನ್ನು ಹೋಂಡಾ ಎಂಜಿನ್ ಹಾಕಿ ವರ್ಷಕ್ಕೆ ನೂರರಷ್ಟು ಕಟ್ಟುತ್ತಾರೆ. ದೊಡ್ಡದಾಗಬೇಕೆಂಬ ಆಸೆಯನ್ನೇ ಬಿಟ್ಟು ಕೂತಿದ್ದಾರೆ.

ಈಗ ನನ್ನದೇ ಕಥೆ. 2003ರಲ್ಲಿ ನಾನು, ಒಬ್ಬ ವೆಲ್ಡರ್, ಒಬ್ಬ ಟೂಲ್‌ರೂಂ ಸ್ನೇಹಿತ ಮೂವರೂ ಸೇರಿ ಒಂದು ಕಾರು ಕಟ್ಟಿದೆವು. ಶಿವಾಜಿನಗರದ ಗುಜರಿಯಿಂದ ಒಂದು ಮಾರುತಿ 800ರ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಚಕ್ರಗಳ ಸಮೇತ ಇಡಿಯಾಗಿ ತಂದು ಸೀಟಿನ ಹಿಂದೆ ಕೂರಿಸಿದೆವು. ಸ್ಟೀರಿಂಗ್‌ಗೆ ಹೋಗುವ ಕಡ್ಡಿಗಳನ್ನು ಚೌಕಟ್ಟಿಗೆ ಬಿಗಿದುಬಿಟ್ಟರೆ ಮುಂದಿನದು ಹಿಂದಿನದಾಗುತ್ತದೆ, ಹಳೆಯ ಉಪಾಯ. ಮೈ ನನ್ನದು. ಗ್ರಾನೈಟ್ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತು ವೇ ಬ್ರಿಡ್ಜ್‌ನಲ್ಲಿ ತೂಗಿಸಿದಾಗ 480 ಕೆ.ಜಿ. ಬಂತು. ‘ಇದಕ್ಕೂ ಚೀಟಿ ಬೇಕಾ’ ಎಂದು ಆ ಹುಡುಗ ಕೇಳಿದ್ದ. ನೆಲಮಂಗಲದ ಆಚೆ, ಸೈಟು ಮಾರಾಟವಾಗದೆ ಬಿದ್ದಿದ್ದ ಒಂದು ಲೇಔಟಿನಲ್ಲಿ ಮೂರು ಭಾನುವಾರ ಓಡಿಸಿದೆವು. ಜೀವಮಾನದಲ್ಲಿ ಅಷ್ಟು ನಕ್ಕದ್ದು ನೆನಪಿಲ್ಲ.

ಆಮೇಲೆ ನಂಬರ್ ಮಾಡಿಸೋಣ ಎಂದು ಆರ್‌ಟಿಒ ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಆ ಅಧಿಕಾರಿ ಒಳ್ಳೆಯವರೇ.

‘ತಯಾರಕರು ಯಾರು?’

‘ನಾವೇ ಸಾರ್.’

‘ನಾವೇ ಅಂದ್ರೆ ಯಾವ ಕಂಪನಿ?’

‘ಕಂಪನಿ ಇಲ್ಲ ಸಾರ್, ನಾವು ಮೂರು ಜನ.’

‘ಟೈಪ್ ಅಪ್ರೂವಲ್ ಸರ್ಟಿಫಿಕೇಟ್?’

ನಮ್ಮ ವೆಲ್ಡರ್ ತನ್ನ ಐಟಿಐ ಸರ್ಟಿಫಿಕೇಟ್ ತೋರಿಸಲು ಹೊರಟಿದ್ದ. ಅವರು ನಮಗೆ ಟೀ ತರಿಸಿ, ಮೋಟಾರು ವಾಹನ ನಿಯಮ 126 ಎಂದರೇನು ಎಂದು ಬಿಡಿಸಿ ಹೇಳಿದರು: ಯಾವ ಮಾದರಿಯ ವಾಹನವಾದರೂ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಬಂದರೇ ನೋಂದಣಿ. ನಾವು ಹಾಕಿದ್ದು ಒಟ್ಟು 1 ಲಕ್ಷ 80 ಸಾವಿರ. ಎಂಜಿನ್ ಮತ್ತೆ ಗುಜರಿಗೆ ಹೋಯಿತು, ಚೌಕಟ್ಟನ್ನು ವೆಲ್ಡರ್ ಕತ್ತರಿಸಿ ಗೇಟು ಮಾಡಿಕೊಂಡ. ಮೈಯ ಅಚ್ಚು ಮಾತ್ರ ನನ್ನ ಶೆಡ್ಡಿನ ಅಟ್ಟದ ಮೇಲಿದೆ.

ಲೇಖಕರು ಹೇಳದೆ ಬಿಟ್ಟ ಖರ್ಚು ಇದೇ, ಮತ್ತು ನಿಜವಾದ ಗಂಟು ಇರುವುದೂ ಇಲ್ಲೇ. ಅಚ್ಚಿನ ಖರ್ಚನ್ನು ಜಾಣತನದಿಂದ ಇಳಿಸಬಹುದು. ಪರೀಕ್ಷೆಯ ಖರ್ಚು ಇಳಿಯುವುದಿಲ್ಲ. ಎದುರಿನಿಂದ ಗುದ್ದಿಸಿ ಒಂದು ಕಾರು, ಪಕ್ಕದಿಂದ ಗುದ್ದಿಸಿ ಇನ್ನೊಂದು ಕಾರು ಪುಡಿ ಮಾಡಬೇಕು. ಏರ್‌ಬ್ಯಾಗ್ ಯಾವ ಕ್ಷಣಕ್ಕೆ ಬಿಚ್ಚಬೇಕು ಎಂದು ಹೊಂದಿಸಬೇಕು, ಚಕ್ರ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಹೊಂದಿಸಬೇಕು, ಬಿಎಸ್-6 ಹೊಗೆ ಪರೀಕ್ಷೆ ದಾಟಬೇಕು. ಸಾವಿರ ಮಾಡುವವನಿಗೂ ಇದೇ, ಹತ್ತು ಲಕ್ಷ ಮಾಡುವವನಿಗೂ ಇದೇ. ಐರೋಪ್ಯ ಒಕ್ಕೂಟದಲ್ಲಿ ವರ್ಷಕ್ಕೆ 1,500ರವರೆಗಿನ ಕಾರುಗಳಿಗೆ ಸಣ್ಣ ಸರಣಿಯ ಮಾನ್ಯತೆ ಎಂಬ ಬೇರೆ ದಾರಿ ಇದೆ. ಅಮೆರಿಕದಲ್ಲಿ 2015ರ ಕಾಯ್ದೆಯಿಂದ, ಹಳೆಯ ಮಾದರಿಗಳ ಪ್ರತಿಕೃತಿ ಕಟ್ಟುವವರು ವರ್ಷಕ್ಕೆ 325 ಕಾರು ಮಾಡಬಹುದು. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ಒಂದು ರಿಯಾಯಿತಿ ಕೊಟ್ಟಿತು: ಹೊರಗಿನ ಮಾನ್ಯತೆ ಇರುವ ಕಾರುಗಳನ್ನು ವರ್ಷಕ್ಕೆ 2,500ರವರೆಗೆ ಇಲ್ಲಿ ಮತ್ತೆ ಪರೀಕ್ಷೆ ಮಾಡಿಸದೆ ಆಮದು ಮಾಡಿಕೊಳ್ಳಬಹುದು. ಹೊರಗಿನಿಂದ ತರುವ 2,500ಕ್ಕೆ ತೋರಿದ ಮನಸ್ಸನ್ನು ಇಲ್ಲೇ ಕಟ್ಟುವ 1,000ಕ್ಕೂ ತೋರಿಸಲಿ. ಪ್ರಾಣಕ್ಕೆ ಸಂಬಂಧಿಸಿದ್ದರಲ್ಲಿ ರಿಯಾಯಿತಿ ಬೇಡ. ಗುದ್ದಿಸಿಯೇ ನೋಡಲಿ, ಬೇಕಾದರೆ ನಾನೇ ಎರಡು ಮೈ ಪುಕ್ಕಟೆ ಮಾಡಿಕೊಡುತ್ತೇನೆ. ಶುಲ್ಕ, ಕಾಯುವ ಸಮಯ, ಬೇರೆ ಕಾರಿನಲ್ಲಿ ಈಗಾಗಲೇ ಪಾಸಾದ ಎಂಜಿನ್ನಿಗೆ ಮತ್ತೆ ಪೂರ್ತಿ ಪರೀಕ್ಷೆ, ಇವುಗಳಲ್ಲಿ ಸಡಿಲಿಸಬಹುದು.

ಈಗ ಕಾಲವೂ ಕೂಡಿಬಂದಿದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಅದರ ಮೇಲಿನದಕ್ಕೆ ಶೇ 40. ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ನಾಲ್ಕು ಮೀಟರ್ ಧಾರಾಳ. ಎಲೀಸ್ ಅಷ್ಟರೊಳಗೇ ಇತ್ತು. 1,200 ಸಿಸಿ ಒಳಗಿನ ಟರ್ಬೊ ಎಂಜಿನ್‌ಗಳು ಟಾಟಾದಲ್ಲಿವೆ, ಮಹೀಂದ್ರದಲ್ಲಿವೆ, ಹುಂಡೈನಲ್ಲಿವೆ. ಟಾಟಾದವರು 2017ರಲ್ಲಿ ಜಿನೀವಾ ಪ್ರದರ್ಶನದಲ್ಲಿ ರೇಸ್ಮೊ ಎಂಬ ಎರಡು ಸೀಟಿನ ಕಾರು ತೋರಿಸಿದ್ದರಲ್ಲ, ಅದರಲ್ಲಿದ್ದದ್ದೂ 1.2 ಲೀಟರ್ ಟರ್ಬೊ, 190 ಕುದುರೆ ಶಕ್ತಿ. ಅದು ಮಾರಾಟಕ್ಕೆ ಬರಲೇ ಇಲ್ಲ. ದೊಡ್ಡ ಕಂಪನಿಯ ಮೀಟಿಂಗಿನಲ್ಲಿ ಸಾವಿರ ಕಾರಿನ ಮಾತು ಎದ್ದರೆ ಯಾರು ಕಿವಿಗೊಡುತ್ತಾರೆ? ಅದಕ್ಕೇ ಇದು ಸಣ್ಣವರ ಕೆಲಸ, ದೊಡ್ಡವರು ಎಂಜಿನ್ ಮಾರಿದರೆ ಸಾಕು.

ಎಂಜಿನ್ ಮಾರುವವನ ಮನಸ್ಸು ಬದಲಾದರೆ? ಇದು ನನಗೂ ನಿದ್ದೆ ಕೆಡಿಸುವ ಪ್ರಶ್ನೆ. ರೋವರ್ 2005ರಲ್ಲಿ ಮುಳುಗಿತು. ಲೋಟಸ್ ಅದಕ್ಕೂ ಒಂದು ವರ್ಷ ಮೊದಲೇ ಟೊಯೊಟಾ ಎಂಜಿನ್ ಹಾಕಲು ಶುರು ಮಾಡಿದ್ದರಿಂದ ಉಳಿಯಿತು. ಎರಡು ಕಡೆಯ ಎಂಜಿನ್ ಕೂರುವಂತೆ ಚೌಕಟ್ಟು ಕಟ್ಟುವುದು ಮೊದಲ ದಿನವೇ ಆಗಬೇಕಾದ ಕೆಲಸ.

ನನ್ನ ಅಂದಾಜಿನ ಲೆಕ್ಕ ಕೇಳಿ, ರೆಸಿನ್ ಬಿಲ್ಲಿನ ಹಿಂದೆ ಬರೆದದ್ದು. ಎಕ್ಸ್ ಶೋರೂಂ ಬೆಲೆ 15 ಲಕ್ಷ ಇರಲಿ. ಜಿಎಸ್‌ಟಿ ಕಳೆದರೆ 12 ಲಕ್ಷ 70 ಸಾವಿರ. ಮಾರಾಟದ ಖರ್ಚು ಹೋಗಿ ಕೈಗೆ 12. ಎಂಜಿನ್ ಗೇರ್‌ಬಾಕ್ಸಿಗೆ ನಾಲ್ಕೂವರೆ, ಚೌಕಟ್ಟು, ಸಸ್ಪೆನ್ಷನ್, ಚಕ್ರ, ಸೀಟು, ವೈರಿಂಗ್‌ಗೆ ಎರಡೂವರೆ, ಮೈಗೆ ಒಂದು, ಕೂಲಿಗೆ ಒಂದು, ವಾರಂಟಿಗೆ ತೆಗೆದಿಡುವುದು 30 ಸಾವಿರ. ಉಳಿಯುವುದು 2 ಲಕ್ಷ 70 ಸಾವಿರ. ಸಾವಿರ ಕಾರಿಗೆ 27 ಕೋಟಿ. ಬಾಡಿಗೆ, ಸಂಬಳ, ಕರೆಂಟು ವರ್ಷಕ್ಕೆ 12 ಕೋಟಿ ಹೋದರೆ 15 ಕೋಟಿ ಮಿಗುತ್ತದೆ. ವಿನ್ಯಾಸಕ್ಕೂ ಪರೀಕ್ಷೆಗೂ 60 ಕೋಟಿ ಸುರಿದಿದ್ದರೆ ನಾಲ್ಕು ವರ್ಷಕ್ಕೆ ವಾಪಸು, ಬಡ್ಡಿ ಬೇರೆ. ಸಾವಿರದ ಬದಲು 400 ಮಾರಿದರೆ 10 ಕೋಟಿ 80 ಲಕ್ಷ, ಬಾಡಿಗೆ, ಸಂಬಳ, ಕರೆಂಟಿಗೂ ಸಾಲದು.

ಇಲ್ಲೊಂದು ಆಮಿಷ ಇದೆ. ಬೆಲೆಯನ್ನು 20 ಲಕ್ಷಕ್ಕೆ ಏರಿಸಿ. ಅದೇ ಲೆಕ್ಕದಲ್ಲಿ ಒಂದು ಕಾರಿಗೆ 6 ಲಕ್ಷ 70 ಸಾವಿರ ಮಿಗುತ್ತದೆ, 400 ಕಾರಿಗೇ ಹೆಚ್ಚುಕಡಿಮೆ 27 ಕೋಟಿ. ಕಡಿಮೆ ಕೆಲಸ, ಅಷ್ಟೇ ದುಡ್ಡು! ಈ ಲೆಕ್ಕ ಕಂಡವರೆಲ್ಲ ಮೇಲಕ್ಕೆ ಜಾರಿದ್ದಾರೆ. ಲೋಟಸ್‌ನವರೂ ಎಲೀಸ್ ನಿಲ್ಲಿಸಿದ ಮೇಲೆ ತಂದ ಎಮಿರಾ ಬಹಳ ದುಬಾರಿ. ನನ್ನ ಅಭಿಪ್ರಾಯದಲ್ಲಿ ನಮ್ಮಲ್ಲಿ ಇದು ಹಳ್ಳ. 20 ಲಕ್ಷ ಇರುವವನು ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರಿನ ಅಂಗಡಿಗೂ ಹೋಗಿ ನೋಡುತ್ತಾನೆ, ಅಲ್ಲಿನ ಬ್ಯಾಡ್ಜಿನ ಮುಂದೆ ನನ್ನ ಫೈಬರ್ ಸೋಲುತ್ತದೆ. 15 ಲಕ್ಷದವನು ನೋಡುವುದು ಮಹೀಂದ್ರದ ಎರಡು ಬಾಗಿಲಿನ ಥಾರ್ ಜೀಪು. ಹಿಂದಿನ ಸೀಟಿಗೆ ನುಸುಳಿ ಹೋಗಬೇಕಾದ ಆ ಗಾಡಿಯನ್ನು ನಮ್ಮ ಜನ ತಿಂಗಳುಗಟ್ಟಲೆ ಕಾದು ಕೊಂಡರಲ್ಲ, ಅದು ಯಾವ ಸಂಸಾರದ ಅನುಕೂಲಕ್ಕೆ? ಖುಷಿಗೆ ದುಡ್ಡು ಕೊಡುವವರು ಇಲ್ಲ ಎಂಬ ವಾದ ಅಲ್ಲಿಗೆ ಬಿತ್ತು. ಹದಿನೈದು ಲಕ್ಷದ ಕಾರಿಗೆ ಕರ್ನಾಟಕದ ಆಜೀವ ತೆರಿಗೆಯೇ ಶೇ 17 ಎನ್ನುವುದನ್ನೂ ಸೇರಿಸಿಕೊಂಡು ಹೇಳುತ್ತಿದ್ದೇನೆ. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ನನ್ನ ಅಂಕಿಗಳಲ್ಲಿ ತಪ್ಪಿದ್ದರೆ ಲೇಖಕರು ತಿದ್ದಲಿ. ಅದಕ್ಕೂ ಮೊದಲು ಒಂದು ಸಲ ಶೆಡ್ಡಿಗೆ ಬಂದು ಅಟ್ಟದ ಮೇಲಿನ ಆ ಅಚ್ಚನ್ನು ನೋಡಿದರೆ ಸಂತೋಷ. ಶನಿವಾರ ಮಧ್ಯಾಹ್ನ ಮೂರರ ಮೇಲೆ ಬರಲಿ, ಆ ಹೊತ್ತಿಗೆ ಗ್ರೈಂಡಿಂಗ್ ನಿಲ್ಲಿಸಿರುತ್ತೇವೆ. ಬೇರೆ ದಿನ ಬಂದರೆ ಗಾಜಿನ ಪುಡಿಗೆ ಎರಡು ದಿನ ಮೈ ಕೆರೆಯುತ್ತದೆ. ಬಿಸಿನೀರಿನಲ್ಲಿ ಮಾತ್ರ ಸ್ನಾನ ಮಾಡಬಾರದು, ತಣ್ಣೀರೇ ಮದ್ದು.

ಇತಿ ತಮ್ಮ ಓದುಗ,
ಒಬ್ಬ ಫೈಬರ್ ಅಚ್ಚುಗಾರ
ಪೀಣ್ಯ ಎರಡನೇ ಹಂತ, ಬೆಂಗಳೂರು